ನಿಸ್ತಂತು ವಾರ್ತೆಯಲ್ಲಿ ಪಂಕ್ತಿನ್ಯಾಯ

೧

ಶಬ್ದವು ಹುಟ್ಟಿದೆಡೆಯಿಂದ ಕೇಳುವವನ ಕಿವಿಯವರೆಗೆ ಹೇಗೆ ಬರುವುದೆಂಬ ವಿಷಯದಲ್ಲಿ ಹಿಂದಿನ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳುತ್ತಿದ್ದರು. ಒಂದು ವೀಚೀತರಂಗನ್ಯಾಯ, ಕೊಳದ ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟಿ ದಡಕ್ಕೆ ಬರುವಂತೆ ಶಬ್ದದಿಂದ ಶಬ್ದವು ಹುಟ್ಟುತ್ತ ಬರುವುದೆಂಬುದು ಇದರ ಅಭಿಪ್ರಾಯ. ಇನ್ನೊಂದು ಕದಂಬಮುಕುಲನ್ಯಾಯ, ಕದಂಬದ ಹೂವಿನ ಉಂಡೆಯಲ್ಲಿ ಎಸಳುಗಳು ಏಕಕಾಲದಲ್ಲಿ ಸುತ್ತಲೂ ಅರಳಿ ನಿಲ್ಲುವಂತೆ ಶಬ್ದವು ದಶದಿಕ್ಕುಗಳಿಗೂ ಒಮ್ಮೆಗೇ ಹೊರಡುವುದೆಂಬುದು ಇದರ ತಾತ್ಪರ್ಯ. ಅವರು ಹೇಳಿದ್ದು ಕಿವಿಗೆ ಕೇಳುವ ಶಬ್ದವನ್ನು ಕುರಿತೇ ಹೊರತು ಈ ಕಾಲದ ವಿದ್ಯುತ್ತರಂಗಗಳನ್ನು ಕುರಿತಲ್ಲ. ಅವರಿಗೆ ಇದೆಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವುದು ಅವರಿಗೂ ಗೌರವವಲ್ಲ, ಸತ್ಯಕ್ಕೂ ಗೌರವವಲ್ಲ. ಆದರೂ ಕದಂಬದ ಹೋಲಿಕೆಯು ನಿಸ್ತಂತು ವಾರ್ತೆಯ ಮೊದಲ ಕಾಲಕ್ಕೆ ಚೆನ್ನಾಗಿ ಒಪ್ಪುತ್ತದೆ.

೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಯಂತ್ರವನ್ನು ಸ್ಥಾಪಿಸಿ, ಆಕಾಶವಾಣಿಯೆಂಬ ಹೆಸರಿನಿಂದ ಪ್ರಸಾರವನ್ನು ನಡೆಯಿಸಿದಾಗ, ಅಲ್ಲಿಂದ ಹೊರಟ ಧ್ವನಿಯು ಕದಂಬದ ಎಸಳುಗಳಂತೆ ಎಲ್ಲ ಕಡೆಗೂ ಹರಡಿತು. ಯಂತ್ರವುಳ್ಳವರೆಲ್ಲರೂ ಅದನ್ನು ಕೇಳಿದರು. ಕೇಳುವವನೊಬ್ಬನು ಹೆಚ್ಚಿದ ಮಾತ್ರಕ್ಕೆ ಉಳಿದವರ ಪಾಲಿಗೆ ಕೊರತೆಯೇನೂ ಆಗಲಿಲ್ಲ. ಹೊಸ್ತಿಲ ಮೇಲಿನ ದೀಪವು ಒಳಗಿನವರಿಗೂ ಹೊರಗಿನವರಿಗೂ ಬೆಳಕನ್ನು ಕೊಟ್ಟು ತಾನು ಕುಂದದಿರುವಂತೆ ಅದು ಇದ್ದಿತು.

ಮೊಬೈಲು ಫೋನಿನ ವಿಷಯವು ಹೀಗಲ್ಲ. ಜನರು ಟವರೆಂದು ಕರೆಯುವ ಒಂದು ಗೋಪುರದ ಆಶ್ರಯದಲ್ಲಿ ನೂರಾರು ಮಂದಿ ಗ್ರಾಹಕರಿರುವರು. ಅವರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಆದ ಮಾತು, ತಮ್ಮದೇ ಆದ ಚಿತ್ರ, ತಮ್ಮದೇ ಆದ ಪತ್ರ ಬೇಕು. ಅಲೆಗಳು ಓಡಾಡುವ ಆಕಾಶವಾದರೋ ಎಲ್ಲರಿಗೂ ಒಂದೇ. ಒಬ್ಬನಿಗೆ ಬಡಿಸಿದುದು ಅದೇ ಕ್ಷಣದಲ್ಲಿ ಇನ್ನೊಬ್ಬನ ಎಲೆಗೆ ಬಿದ್ದರೆ ಅದು ಅವನಿಗೆ ಊಟವಾಗದೆ ಕಸವಾಗುವುದು. ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಅಲೆಯನ್ನು ಯಾವ ಕಡೆಗೆ ತಿರುಗಿಸಬೇಕು? ಈ ಕ್ಷಣದ ಸರದಿಯು ಯಾರದು? ಮೊದಲನೆಯದು ಭೌತವಿಜ್ಞಾನದ ಪ್ರಶ್ನೆ. ಎರಡನೆಯದು ಪಂಕ್ತಿಯಲ್ಲಿ ಬಡಿಸುವವನ ಪ್ರಶ್ನೆ. ಇವೆರಡೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಹೇಗೆ ಒಂದಾದುವೆಂಬ ವೃತ್ತಾಂತವನ್ನು ವಾಚಕರು ತಿಳಿಯುವುದು ಉಚಿತವಾಗಿದೆ; ಏಕೆಂದರೆ ಆ ಪಂಕ್ತಿಯಲ್ಲಿ ಈಗ ಹೆಚ್ಚು ಕಡಿಮೆ ಎಲ್ಲರೂ ಕುಳಿತಿರುವರು.

೨

ಅಲೆಯನ್ನು ಒಂದೇ ಕಡೆಗೆ ಕಳುಹಿಸುವ ಯತ್ನವು ನಿಸ್ತಂತು ವಾರ್ತೆಗಿಂತಲೂ ಹಳೆಯದು. ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಹೈನ್‌ರಿಖ್ ಹರ್ಟ್ಸ್ ಅವರು ೧೮೮೮ರಲ್ಲಿ ಸತುವಿನ ತಗಡನ್ನು ಕನ್ನಡಿಯಂತೆ ಬಾಗಿಸಿ, ತಾವು ಹುಟ್ಟಿಸಿದ ವಿದ್ಯುತ್ತರಂಗಗಳನ್ನು ಅದರ ಸಹಾಯದಿಂದ ಒಂದು ಕಿರಣವಾಗಿ ಮಾಡಿ, ಅವು ಬೆಳಕಿನಂತೆಯೇ ಪ್ರತಿಫಲಿಸುವುವೆಂದು ತೋರಿಸಿದರು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ೧೮೯೫ರಿಂದ ಮುಂದೆ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ, ಕೊಳವೆ ಕಹಳೆಗಳ ಮೂಲಕ ಅವುಗಳನ್ನು ಬೇಕಾದೆಡೆಗೆ ಹಾಯಿಸಿದರು. ಈ ಕಿರುಅಲೆಗಳ ಮಾತು ಮುಂದೆ ಮತ್ತೊಮ್ಮೆ ಬರುವುದು.

ಆದರೆ ದೂರದೇಶಗಳಿಗೆ ವಾರ್ತೆಯನ್ನು ಕಳುಹಿಸಲು ಹೊರಟವರಿಗೆ ಈ ದಾರಿಯು ಒದಗಲಿಲ್ಲ. ೧೯೦೧ರ ಡಿಸೆಂಬರ್ ೧೨ರಂದು ಮಾರ್ಕೋನಿಯವರು ಇಂಗ್ಲೆಂಡಿನ ಪೋಲ್ಡೂವಿನಿಂದ ಹೊರಟ ಸಂಜ್ಞೆಯನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ ಹಿಡಿದಾಗ ಬಳಸಿದ ಅಲೆಗಳ ಉದ್ದವು ನೂರಾರು ಮೀಟರುಗಳಾಗಿತ್ತು. ಅಷ್ಟು ದೊಡ್ಡ ಅಲೆಗೆ ಕನ್ನಡಿ ಕಟ್ಟಬೇಕಾದರೆ ಗುಡ್ಡದಷ್ಟು ತಗಡು ಬೇಕಾಗುವುದು. ಅದನ್ನು ತಿರುಗಿಸುವುದಂತೂ ಆಗದ ಮಾತು.

ಈ ತೊಡಕನ್ನು ಬಿಡಿಸಿದವರು ಸ್ಟ್ರಾಸ್‌ಬುರ್ಗಿನಲ್ಲಿದ್ದ ಕಾರ್ಲ್ ಫರ್ಡಿನೆಂಡ್ ಬ್ರೌನ್ ಅವರು. ೧೯೦೫ರಲ್ಲಿ ಅವರು ಮೂರು ಆಂಟೆನಾಗಳನ್ನು, ಎಂದರೆ ಅಲೆಗಳನ್ನು ಬಿಡುವ ಲೋಹದ ಕಂಬಿಗಳನ್ನು, ತ್ರಿಕೋಣದ ಮೂರು ಮೂಲೆಗಳಲ್ಲಿ ನಿಲ್ಲಿಸಿದರು. ಮೂರರಿಂದಲೂ ಒಂದೇ ಅಲೆಯನ್ನು ಬಿಟ್ಟರು. ಆದರೆ ಒಂದರಿಂದ ಹೊರಡುವ ಅಲೆಯು ಉಳಿದವುಗಳಿಗಿಂತ ಸ್ವಲ್ಪ ಹಿಂದೆ ಬೀಳುವಂತೆ ಮಾಡಿದರು. ಕೊಳದಲ್ಲಿ ಅಕ್ಕಪಕ್ಕದಲ್ಲಿ ಎರಡು ಕಲ್ಲುಗಳನ್ನು ಎಸೆದರೆ ಅಲೆಯ ತಲೆಗೆ ತಲೆ ಕೂಡಿದೆಡೆಯಲ್ಲಿ ನೀರು ಎತ್ತರವಾಗಿ ಏಳುವುದು. ತಲೆಗೆ ತಗ್ಗು ಕೂಡಿದೆಡೆಯಲ್ಲಿ ನೀರು ಸುಮ್ಮನಾಗುವುದು. ಬ್ರೌನ್ ಅವರ ಪ್ರಯೋಗದಲ್ಲಿಯೂ ಹಾಗೆಯೇ ಒಂದು ಕಡೆ ಅಲೆಗಳು ಕೂಡಿ ಬಲವಾದುವು, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಕೊಂಡು ಕ್ಷೀಣವಾದುವು. ಹಿಂದೆ ಬೀಳತಕ್ಕ ಆಂಟೆನಾ ಯಾವುದೆಂಬುದನ್ನು ಬದಲಾಯಿಸಿದ ಮಾತ್ರಕ್ಕೆ ಕಿರಣವು ಬೇರೆ ಕಡೆಗೆ ತಿರುಗಿತು. ಕಂಬಿಗಳು ನಿಂತಲ್ಲಿಯೇ ನಿಂತಿದ್ದುವು. ೧೯೦೯ರಲ್ಲಿ ಮಾರ್ಕೋನಿಯವರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಬ್ರೌನ್ ಅವರ ಈ ಸಣ್ಣ ಪ್ರಯೋಗವೇ ಇಂದಿನ ಎಲ್ಲ ಆಂಟೆನಾಪಂಕ್ತಿಗಳಿಗೂ ಮೂಲವೆನ್ನಬಹುದು. ಒಂಟಿ ಕಂಬಿಗೆ ದಿಕ್ಕೆಂಬುದಿಲ್ಲ. ಸಾಲಾಗಿ ನಿಂತು ಹೊತ್ತನ್ನು ಅರಿತು ನುಡಿದರೆ ದಿಕ್ಕು ಹುಟ್ಟುವುದು. ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು.

೩

ದಿಕ್ಕಿನ ಪ್ರಶ್ನೆಯು ಹೀಗೆ ಒಂದು ದಾರಿಗೆ ಬರುತ್ತಿದ್ದಾಗ ಇನ್ನೊಂದು ಕಷ್ಟವು ತಲೆದೋರಿತು. ಅಲೆಯು ಕೇಳುವವನ ಬಳಿಗೆ ಒಂದೇ ದಾರಿಯಿಂದ ಬರುವುದಿಲ್ಲ. ಒಂದು ಪಾಲು ನೇರವಾಗಿ ಬರುವುದು. ಇನ್ನೊಂದು ಗೋಡೆಗೆ ತಾಗಿ ಬರುವುದು. ಮತ್ತೊಂದು ಬೆಟ್ಟದಿಂದಲೊ ಮೇಲಿನ ವಾಯುಮಂಡಲದಿಂದಲೊ ಹಿಂತಿರುಗಿ ಬರುವುದು. ಇವೆಲ್ಲ ಕೂಡಿದೆಡೆಯಲ್ಲಿ ಒಂದು ಕ್ಷಣ ತಲೆಗೆ ತಲೆ ಸೇರಿ ಧ್ವನಿಯು ಜೋರಾಗುವುದು, ಮರುಕ್ಷಣ ತಲೆಗೆ ತಗ್ಗು ಸೇರಿ ಅಡಗುವುದು. ಹಿಂದೆ ರಾತ್ರಿಯ ವೇಳೆ ದೂರದ ಬಾನುಲಿಯನ್ನು ಕೇಳುತ್ತಿದ್ದವರಿಗೆ ಈ ಏರಿಳಿತವು ಪರಿಚಿತವಾಗಿತ್ತು.

ಇದನ್ನು ಗೆಲ್ಲಲು ಅಮೆರಿಕದ ಇಂಜಿನಿಯರುಗಳು ಆಂಟೆನಾಗಳನ್ನು ಹೆಚ್ಚಿಸಿದರು. ನ್ಯೂಯಾರ್ಕ್ ಸಂಸ್ಥಾನದ ರಿವರ್‌ಹೆಡ್ಡಿನಲ್ಲಿ ಬೆವರೇಜ್, ಪೀಟರ್ಸನ್ ಮೊದಲಾದವರು ದೂರ ದೂರದಲ್ಲಿ ನೆಟ್ಟ ಆಂಟೆನಾಗಳಿಂದ ಬರುವ ಸಂಜ್ಞೆಗಳನ್ನು ಕೂಡಿಸುವ ಕ್ರಮವನ್ನು ೧೯೩೧ರಲ್ಲಿ ಪ್ರಕಟಿಸಿದರು. ಒಂದೆಡೆ ಅಲೆಯು ಅಡಗಿದಾಗ ಇನ್ನೊಂದೆಡೆ ಅದು ಎದ್ದಿರುವುದು ಸಂಭವವೆಂಬುದೇ ಅದರ ಮರ್ಮ. ೧೯೩೭ರಲ್ಲಿ ಬೆಲ್ ಪ್ರಯೋಗಶಾಲೆಯ ಫ್ರೀಸ್ ಮತ್ತು ಫೆಲ್ಡ್‌ಮನ್ ಅವರು ಹಲವು ಆಂಟೆನಾಗಳ ಸಾಲನ್ನು ಕಟ್ಟಿ, ಸಾಗರದಾಚೆಯಿಂದ ಬರುವ ಅಲೆಯು ಯಾವ ಕೋನದಲ್ಲಿ ಇಳಿಯುತ್ತಿದೆಯೊ ಆ ಕೋನಕ್ಕೆ ಕಿವಿಯನ್ನು ತಿರುಗಿಸುವ ಉಪಾಯವನ್ನು ತೋರಿಸಿದರು. ಆ ಕಾಲದವರೆಲ್ಲರ ದೃಷ್ಟಿಯಲ್ಲಿ ಏರಿಳಿತವು ಶತ್ರು. ಅದನ್ನು ಹೇಗಾದರೂ ಸಮಮಾಡುವುದೇ ಇಂಜಿನಿಯರನ ಧರ್ಮ.

ಮುಂದೆ ಈ ಶಾಸ್ತ್ರಕ್ಕೆ ದೊಡ್ಡ ತಿರುವನ್ನು ಕೊಟ್ಟವರಲ್ಲಿ ಒಬ್ಬರಿಗೆ ಕನ್ನಡನಾಡಿನ ಸಂಬಂಧವುಂಟು. ಪೊಲ್ಲಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರು ಭಾರತದ ನೌಕಾದಳದಲ್ಲಿದ್ದು, ನೀರಿನೊಳಗಿನ ಶಬ್ದದಿಂದ ಹಡಗುಗಳನ್ನು ಕಂಡುಹಿಡಿಯುವ ‘ಅಪ್ಸೋ’ ಎಂಬ ಯಂತ್ರದ ನಿರ್ಮಾಣದಲ್ಲಿ ಮುಂದಾಳಾಗಿದ್ದರು. ನೀರಿನಲ್ಲಿ ಸಾಲಾಗಿಟ್ಟ ಕಿವಿಗಳಿಂದ ದಿಕ್ಕನ್ನರಿಯುವ ಆ ವಿದ್ಯೆಯೂ ಬ್ರೌನ್ ಅವರ ತತ್ತ್ವದ ಸೋದರವೇ. ಬಳಿಕ ಅವರು ಬೆಂಗಳೂರಿನಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಕೃತಕ ಬುದ್ಧಿ ಮತ್ತು ಯಂತ್ರಮಾನವ ಶಾಸ್ತ್ರದ ಕೇಂದ್ರದ ಮೊದಲ ನಿರ್ದೇಶಕರಾಗಿದ್ದರು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಂಶೋಧನಾಲಯದ ಹೊಣೆಯನ್ನೂ ಹೊತ್ತಿದ್ದರು. ಅಲ್ಲಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಪುಣೆಯಲ್ಲಿ ಹುಟ್ಟಿದ ಥಾಮಸ್ ಕೈಲಾತ್ ಅವರೊಡನೆ ೧೯೯೨ರಲ್ಲಿ ಒಂದು ಹೊಸ ಕ್ರಮಕ್ಕೆ ಹಕ್ಕುಪತ್ರವನ್ನು ಕೋರಿದರು; ಅದು ೧೯೯೪ರಲ್ಲಿ ದೊರೆಯಿತು. ಒಂದು ವಾರ್ತೆಯನ್ನು ಹಲವು ಪಾಲುಮಾಡಿ, ಬೇರೆ ಬೇರೆ ಎಡೆಗಳಲ್ಲಿರುವ ಆಂಟೆನಾಗಳಿಂದ ಒಂದೇ ಕಾಲದಲ್ಲಿ, ಒಂದೇ ಕಂಪನಸಂಖ್ಯೆಯಲ್ಲಿ ಬಿಟ್ಟು, ಕೇಳುವ ಕಡೆಯ ಆಂಟೆನಾಪಂಕ್ತಿಯಿಂದ ಅವುಗಳನ್ನು ಬೇರ್ಪಡಿಸುವುದೇ ಆ ಕ್ರಮ. ಬೆಲ್ ಪ್ರಯೋಗಶಾಲೆಯ ತೆಲತಾರ್ ಅವರು ೧೯೯೫ರಲ್ಲಿಯೂ ಫಾಶಿನಿಯವರು ೧೯೯೬ರಲ್ಲಿಯೂ ಗಣಿತದಿಂದ ಇದರ ಮಹಿಮೆಯನ್ನು ತೋರಿಸಿದರು. ಎರಡು ಕಡೆಯೂ ನಾಲ್ಕು ನಾಲ್ಕು ಆಂಟೆನಾಗಳಿದ್ದು, ನಡುವಣ ದಾರಿಗಳು ಸಾಕಷ್ಟು ಸಿಕ್ಕುಸಿಕ್ಕಾಗಿದ್ದರೆ, ಸುಮಾರು ನಾಲ್ಕು ಪಟ್ಟು ವಾರ್ತೆಯು ಹೋಗಬಲ್ಲುದು. ಗೋಡೆಗಳಿಗೂ ಬೆಟ್ಟಗಳಿಗೂ ತಾಗಿ ಚದರುವ ದಾರಿಗಳು ದೋಷವೆಂದು ತಿಳಿದಿದ್ದುದು ಹೀಗೆ ಗುಣವಾಯಿತು. ೨೦೧೪ರಲ್ಲಿ ಪಾಲ್‌ರಾಜ್ ಅವರಿಗೆ ಮಾರ್ಕೋನಿಯವರ ಹೆಸರಿನ ಬಹುಮಾನವು ಬಂದಿತು.

ಆದರೆ ಇಲ್ಲಿ ಒಂದು ಅಡ್ಡಿಯುಂಟು. ಗೋಪುರದ ಮೇಲೆ ಎಷ್ಟು ಆಂಟೆನಾಗಳನ್ನಾದರೂ ಇಡಬಹುದು. ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿ ಎಷ್ಟಿಟ್ಟಾರು? ಒಬ್ಬನ ಎಲೆಯು ಸಣ್ಣದಾದರೆ, ಬಡಿಸುವವನ ಕೈಯಲ್ಲಿ ಎಂಟು ಸೌಟುಗಳಿದ್ದರೂ ಪ್ರಯೋಜನವಿಲ್ಲ. ಎಂಟು ಸೌಟುಗಳಿಗೂ ಕೆಲಸವಾಗಬೇಕಾದರೆ ಎಂಟು ಎಲೆಗಳು ಬೇಕು. ಆ ಎಂಟು ಯಾರವು? ಇಲ್ಲಿಂದ ಸರದಿಯ ಪ್ರಶ್ನೆಯು ಮೊದಲಾಗುತ್ತದೆ.

೪

ಕನ್ನಡದಲ್ಲಿ ‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆಯುಂಟು. ಕಣದಲ್ಲಿ ರಾಶಿಯ ಮುಂದೆ ಮೊರ ಹಿಡಿದು ನಿಂತ ಒಕ್ಕಲಿಗನು ಗಾಳಿಯು ನಿಂತಾಗ ತೂರುವುದಿಲ್ಲ, ಕಾಯುವನು, ಬೀಸಿದಾಗ ಕೈಯಾಡಿಸುವನು. ಫ್ರಾನ್ಸಿನಲ್ಲಿದ್ದ ನಾಪ್ ಮತ್ತು ಹಂಬ್ಲೆ ಎಂಬ ಪಂಡಿತರಿಬ್ಬರು ೧೯೯೫ರಲ್ಲಿ ಸಿದ್ಧಪಡಿಸಿದ ತತ್ತ್ವವು ಈ ಗಾದೆಯೇ. ಒಂದು ಗೋಪುರವನ್ನು ಹಲವರು ಹಂಚಿಕೊಂಡಿರುವಲ್ಲಿ ಒಬ್ಬೊಬ್ಬನ ದಾರಿಯೂ ಬೇರೆ ಬೇರೆಯಾಗಿ ಏರಿಳಿಯುವುದು. ಯಾವ ಕ್ಷಣದಲ್ಲಿ ಯಾರ ದಾರಿಯು ಎಲ್ಲರಿಗಿಂತಲೂ ಚೆನ್ನಾಗಿದೆಯೊ ಆ ಕ್ಷಣವನ್ನು ಅವನೊಬ್ಬನಿಗೇ ಕೊಟ್ಟರೆ ಒಟ್ಟು ವಾರ್ತೆಯು ಅತ್ಯಧಿಕವಾಗುವುದೆಂದು ಅವರು ತೋರಿಸಿದರು. ಜನರು ಹೆಚ್ಚಿದಷ್ಟೂ ಒಬ್ಬನಲ್ಲದಿದ್ದರೆ ಒಬ್ಬನು ಏರಿನ ಮೇಲಿರುವ ಸಂಭವವು ಹೆಚ್ಚು. ಬಹುಕಾಲದಿಂದ ಶತ್ರುವೆನಿಸಿದ್ದ ಏರಿಳಿತವು ಹೀಗೆ ಮಿತ್ರನಾಯಿತು. ಅದನ್ನು ಸಮಮಾಡುವ ಬದಲು ಅದು ಮೇಲೇಳುವ ಹೊತ್ತನ್ನು ಕಾಯುವುದೇ ಜಾಣತನವಾಯಿತು.

ತತ್ತ್ವವು ಸರಿಯೇ. ಆದರೆ ಇದನ್ನು ಹಾಗೆಯೇ ಆಚರಣೆಗೆ ತಂದರೆ ಏನಾಗುವುದೆಂಬುದನ್ನು ನೋಡಬೇಕು. ಗೋಪುರದ ಬುಡದಲ್ಲಿರುವವನ ದಾರಿಯು ಇಳಿದಾಗಲೂ ಸೀಮೆಯ ಅಂಚಿನಲ್ಲಿರುವವನ ದಾರಿಯ ಏರಿಗಿಂತ ಮೇಲೆಯೇ ಇರುವುದು. ಹತ್ತಿರದವನಿಗೆ ಕ್ಷಣಕ್ಕೆ ೬೦೦ರಿಂದ ೯೦೦ ಅಳತೆಯಷ್ಟು ವಾರ್ತೆ ಹೋಗಬಹುದಾದರೆ, ದೂರದವನಿಗೆ ೬೦ರಿಂದ ೧೨೦ ಹೋಗಬಹುದೆನ್ನೋಣ. ಎಲ್ಲರಿಗಿಂತ ಮೇಲಿರುವವನಿಗೇ ಸರದಿಯೆಂದರೆ ದೂರದವನಿಗೆ ಎಂದೆಂದಿಗೂ ಸರದಿಯಿಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಇದನ್ನು ಹಿಂದಿನವರು ಮಾತ್ಸ್ಯನ್ಯಾಯವೆಂದು ಕರೆದು, ಅದನ್ನು ತಡೆಯುವುದೇ ರಾಜನ ಕಾರ್ಯವೆಂದರು. ಪಂಕ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ಪಂಕ್ತಿಭೇದ. ಇದಕ್ಕೆ ಹೆದರಿ ಸರದಿಯನ್ನು ಕುರುಡಾಗಿ ಒಬ್ಬರಾದಮೇಲೊಬ್ಬರಿಗೆ ಹಂಚಿದರೆ ಭೇದವೇನೋ ಇಲ್ಲ. ಆದರೆ ಗಾಳಿ ನಿಂತಾಗಲೂ ತೂರಿದಂತಾಗುವುದು.

ಇವೆರಡರ ನಡುವಣ ದಾರಿಯು ಎರಡು ಕಡೆಗಳಿಂದ ಬಂದಿತು. ಕೇಂಬ್ರಿಜ್ಜಿನ ಫ್ರಾಂಕ್ ಕೆಲ್ಲಿಯವರು ತಂತಿಗಳ ಮೂಲಕ ಹೋಗುವ ವಾರ್ತೆಯ ಹಂಚಿಕೆಯನ್ನು ವಿಚಾರಿಸುತ್ತ ೧೯೯೭ರಲ್ಲಿ ಪ್ರಮಾಣನ್ಯಾಯವೆನ್ನಬಹುದಾದ ಒಂದು ಸೂತ್ರವನ್ನು ಹೇಳಿದರು. ಒಂದು ಹಂಚಿಕೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಒಬ್ಬೊಬ್ಬನಿಗೂ ತನ್ನ ಪಾಲಿನಲ್ಲಿ ನೂರಕ್ಕೆ ಎಷ್ಟು ಹೆಚ್ಚಿತು, ನೂರಕ್ಕೆ ಎಷ್ಟು ತಗ್ಗಿತು ಎಂಬುದನ್ನು ಲೆಕ್ಕಹಾಕಬೇಕು. ಎಲ್ಲವನ್ನೂ ಕೂಡಿದಾಗ ಯಾವ ಬದಲಾವಣೆಯಿಂದಲೂ ಲಾಭವು ಕಾಣದಿದ್ದರೆ ಮೊದಲಿನ ಹಂಚಿಕೆಯೇ ನ್ಯಾಯವಾದುದು. ಹತ್ತು ಉಳ್ಳವನಿಗೆ ಇನ್ನು ಹತ್ತು ಬಂದುದೂ ಸಾವಿರ ಉಳ್ಳವನಿಗೆ ಇನ್ನು ಸಾವಿರ ಬಂದುದೂ ಈ ತಕ್ಕಡಿಯಲ್ಲಿ ಸಮವಾಗಿ ತೂಗುವುವು.

ಅದೇ ಕಾಲದಲ್ಲಿ ಅಮೆರಿಕದ ಕ್ವಾಲ್ಕಾಮ್ ಸಂಸ್ಥೆಯವರು ವಾರ್ತೆಗೆಂದೇ ಒಂದು ಹೊಸ ನಿಸ್ತಂತು ಕ್ರಮವನ್ನು ರಚಿಸಿ ೨೦೦೦ದಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ಸೆಕೆಂಡು ೬೦೦ ತುಂಡುಗಳಾಗಿ ಭಾಗವಾಗುವುದು. ಪ್ರತಿಯೊಂದು ತುಂಡಿನಲ್ಲಿಯೂ ಗೋಪುರವು ತನ್ನ ಪೂರ್ಣ ಬಲದಿಂದ ಒಬ್ಬನಿಗೇ ನುಡಿಯುವುದು. ಫೋನುಗಳಾದರೋ ತಮ್ಮ ತಮ್ಮ ದಾರಿಯು ಹೇಗಿದೆಯೆಂಬುದನ್ನು ಆಗಾಗ ಗೋಪುರಕ್ಕೆ ತಿಳಿಸುತ್ತಿರುವುವು. ಸರದಿಯನ್ನು ಗೊತ್ತುಮಾಡಲು ಡೇವಿಡ್ ತ್ಸೆ ಅವರ ಆಲೋಚನೆಯಂತೆ ಒಂದು ಸುಲಭವಾದ ನಿಯಮವನ್ನಿಟ್ಟರು: ಈ ಕ್ಷಣದಲ್ಲಿ ಒಬ್ಬನಿಗೆ ಎಷ್ಟು ಕೊಡಬಹುದೊ ಅದನ್ನು, ಇದುವರೆಗೆ ಅವನಿಗೆ ಸರಾಸರಿ ಎಷ್ಟು ಸಂದಿದೆಯೊ ಅದರಿಂದ ಭಾಗಿಸಬೇಕು, ಯಾರ ಭಾಗಲಬ್ಧವು ದೊಡ್ಡದೊ ಸರದಿಯು ಅವರದು. ಮೇಲಿನ ಉದಾಹರಣೆಯಲ್ಲಿಯೇ, ಹತ್ತಿರದವನ ದಾರಿಯು ಈಗ ೬೦೦, ಅವನಿಗೆ ಸಂದ ಸರಾಸರಿಯು ೪೦೦ ಆದರೆ ಭಾಗಲಬ್ಧವು ಒಂದೂವರೆ. ದೂರದವನ ದಾರಿಯು ಈಗ ೧೨೦, ಸಂದುದು ೫೦ ಆದರೆ ಭಾಗಲಬ್ಧವು ಎರಡಕ್ಕಿಂತ ಹೆಚ್ಚು. ಸರದಿಯು ದೂರದವನಿಗೆ ಬಂದಿತು. ಅವನು ಇತರರಿಗಿಂತ ಮೇಲಿರಬೇಕಾದುದಿಲ್ಲ. ತನ್ನ ಸ್ಥಿತಿಗೆ ತಾನು ಮೇಲಿದ್ದರೆ ಸಾಕು. ಎಲ್ಲರ ದಾರಿಯ ಏರಿಳಿತವೂ ಒಂದೇ ರೀತಿಯದಾಗಿದ್ದರೆ ಎಲ್ಲರಿಗೂ ಕಾಲದಲ್ಲಿ ಸಮಪಾಲು ಸಿಕ್ಕುವುದು, ಅದೂ ಅವರವರ ಕಣಕ್ಕೆ ಗಾಳಿ ಬೀಸಿದ ಹೊತ್ತಿನಲ್ಲಿಯೇ. ಕೆಲ್ಲಿಯವರ ತಕ್ಕಡಿಯನ್ನು ಕೈಯಲ್ಲಿ ಹಿಡಿಯದೆಯೇ ಈ ಸಣ್ಣ ಭಾಗಾಕಾರವು ಕಾಲಕ್ರಮದಲ್ಲಿ ಅದೇ ಹಂಚಿಕೆಗೆ ಬಂದು ಸೇರುವುದು. ಈ ಕ್ರಮವು ೨೦೦೨ರಲ್ಲಿ ದಕ್ಷಿಣ ಕೊರಿಯದಲ್ಲಿ ಜನರ ಬಳಕೆಗೆ ಬಂದಿತು.

ಒಂದು ಸಂದೇಹವು ಉಳಿಯಿತು. ಗಾಳಿಯೇ ಬೀಸದಿದ್ದರೆ? ಮನೆಯಲ್ಲಿ ಸುಮ್ಮನೆ ಕುಳಿತವನ ದಾರಿಯು ಬಹಳ ಹೊತ್ತು ಏರದೆ ಇಳಿಯದೆ ಇದ್ದುಬಿಡುವುದು. ಪ್ರಮೋದ್ ವಿಶ್ವನಾಥ್, ಡೇವಿಡ್ ತ್ಸೆ, ರಾಜೀವ್ ಲರೋಯಾ ಎಂಬ ಮೂವರು ೨೦೦೨ರಲ್ಲಿ ಇದಕ್ಕೆ ಕೊಟ್ಟ ಉತ್ತರವು ಸ್ವಾರಸ್ಯವಾಗಿದೆ. ಗೋಪುರದಲ್ಲಿ ಎರಡೊ ಹೆಚ್ಚೊ ಆಂಟೆನಾಗಳನ್ನಿಟ್ಟು, ಅವುಗಳ ಬಲವನ್ನೂ ಹಿಂದುಮುಂದನ್ನೂ ಯಾದೃಚ್ಛಿಕವಾಗಿ ಮೆಲ್ಲಗೆ ಬದಲಾಯಿಸುತ್ತ ಹೋಗಬೇಕು. ಆಗ ಕಿರಣವು ಸೀಮೆಯ ಮೇಲೆ ಗೊತ್ತುಗುರಿಯಿಲ್ಲದೆ ಸುಳಿದಾಡುವುದು. ಸುಮ್ಮನಿದ್ದ ದಾರಿಗಳೂ ಏರಿಳಿಯುವುವು. ಕಿರಣವು ಯಾರ ಮೇಲೆ ಚೆನ್ನಾಗಿ ಬಿದ್ದಿತೊ ಅವರು ತಾವಾಗಿ ಹೇಳುವರು; ಆ ಕ್ಷಣ ಅವರ ಸರದಿ. ಗಾಳಿಯಿಲ್ಲದ ದಿನ ಬೀಸಣಿಗೆಯಿಂದ ಗಾಳಿಯನ್ನೆಬ್ಬಿಸಿ ತೂರಿದಂತೆ ಇದು. ಕಿರಣವನ್ನು ಆರಿಸುವುದೂ ಗ್ರಾಹಕನನ್ನು ಆರಿಸುವುದೂ ಎರಡು ಕೆಲಸಗಳಾಗಿದ್ದುದು ಇಲ್ಲಿ ಮೊದಲಬಾರಿಗೆ ಒಂದೇ ಕೆಲಸವಾಯಿತು.

೫

ಮುಂದಿನ ಹೆಜ್ಜೆಯು ಒಂದೇ ಕ್ಷಣದಲ್ಲಿ ಹಲವರಿಗೆ ಬಡಿಸುವುದು. ಬ್ರೆಜಿಲ್ ದೇಶದ ಮ್ಯಾಕ್ಸ್ ಕೋಸ್ಟಾ ಅವರು ೧೯೮೩ರಲ್ಲಿಯೇ ಒಂದು ವಿಚಿತ್ರವಾದ ಸಿದ್ಧಾಂತವನ್ನು ಹೇಳಿದ್ದರು. ಕಾಗದದ ಮೇಲೆ ಎಲ್ಲೆಲ್ಲಿ ಮಸಿಯ ಕಲೆಗಳಿವೆಯೆಂದು ಬರೆಯುವವನಿಗೆ ಮೊದಲೇ ತಿಳಿದಿದ್ದರೆ, ಓದುವವನಿಗೆ ತಿಳಿಯದಿದ್ದರೂ, ಶುಭ್ರವಾದ ಕಾಗದದಲ್ಲಿ ಬರೆದಷ್ಟನ್ನೇ ಅದರಲ್ಲಿಯೂ ಬರೆಯಬಹುದು. ಒಬ್ಬನಿಗಾಗಿ ಬಿಟ್ಟ ಅಲೆಯು ಇನ್ನೊಬ್ಬನ ಪಾಲಿಗೆ ಕಲೆ. ಆ ಕಲೆಯಾದರೋ ಗೋಪುರವೇ ಹಚ್ಚಿದುದಾದ್ದರಿಂದ ಅದಕ್ಕೆ ಮೊದಲೇ ಗೊತ್ತು. ೨೦೦೩ರಲ್ಲಿ ಕೈರೆ ಮತ್ತು ಶಮಾಯ್ ಅವರು ಈ ದಾರಿಯನ್ನು ಬಹುಆಂಟೆನಾಗಳಿಗೆ ಹೊಂದಿಸಿದರು. ೨೦೦೬ರಲ್ಲಿ ವೈನ್‌ಗಾರ್ಟನ್, ಸ್ಟೈನ್‌ಬರ್ಗ್, ಶಮಾಯ್ ಎಂಬವರು ಇದಕ್ಕಿಂತ ಹೆಚ್ಚಿನದು ಸಾಧ್ಯವೇ ಇಲ್ಲವೆಂದು ಸಿದ್ಧಪಡಿಸಿದರು.

ಗಡಿಯು ತಿಳಿಯಿತು, ಆದರೆ ಅಲ್ಲಿಗೆ ಹೋಗುವ ದಾರಿಯು ಬಲು ಕಡಿದು. ಆರಿಸುವ ಕೆಲಸವೊಂದನ್ನೇ ನೋಡಿದರೆ ಸಾಕು. ೨೦ ಮಂದಿಯಲ್ಲಿ ೪ ಮಂದಿಯನ್ನು ೪,೮೪೫ ಬಗೆಗಳಲ್ಲಿ ಆರಿಸಬಹುದು. ೧೦೦ ಮಂದಿಯಲ್ಲಿ ೮ ಮಂದಿಯನ್ನು ಆರಿಸುವ ಬಗೆಗಳು ೧೮,೬೦೮ ಕೋಟಿಗಿಂತಲೂ ಹೆಚ್ಚು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಇವೆಲ್ಲವನ್ನೂ ತೂಗಿನೋಡುವುದು ಯಾವ ಗಣಕಯಂತ್ರಕ್ಕೂ ಸಲ್ಲದು.

ಎರಡು ಸುಲಭೋಪಾಯಗಳು ಹುಟ್ಟಿದುವು. ೨೦೦೫ರಲ್ಲಿ ಶರೀಫ್ ಮತ್ತು ಹಸ್ಸಿಬಿ ಅವರು, ಒಂದಕ್ಕೊಂದು ಲಂಬವಾದ ಹಲವು ಕಿರಣಗಳನ್ನು ಯಾದೃಚ್ಛಿಕವಾಗಿ ಬಿಟ್ಟು, ಪ್ರತಿಯೊಂದು ಫೋನೂ ತನಗೆ ಒಪ್ಪುವ ಕಿರಣದ ಸಂಖ್ಯೆಯನ್ನೂ ಅದರ ಗುಣವನ್ನೂ ಮಾತ್ರ ಹೇಳಿದರೆ ಸಾಕೆಂದರು. ದಾರಿಯ ಪೂರ್ಣ ವೃತ್ತಾಂತವನ್ನು ಗೋಪುರವು ಕೇಳಬೇಕಾಗಿಲ್ಲ. ಜನರು ಹೆಚ್ಚಾಗಿದ್ದರೆ ಒಂದೊಂದು ಕಿರಣಕ್ಕೂ ತಕ್ಕವನೊಬ್ಬನು ಸಿಕ್ಕಿಯೇ ಸಿಕ್ಕುವನು. ೨೦೦೬ರಲ್ಲಿ ಯೂ ಮತ್ತು ಗೋಲ್ಡ್‌ಸ್ಮಿತ್ ಅವರು ಬೇರೊಂದು ಕ್ರಮವನ್ನು ಹೇಳಿದರು. ಮೊದಲು ಎಲ್ಲರಿಗಿಂತ ಒಳ್ಳೆಯ ದಾರಿಯುಳ್ಳವನನ್ನು ಆರಿಸಬೇಕು. ಬಳಿಕ ಯಾರ ದಾರಿಯು ಅವನ ದಾರಿಗೆ ಹೆಚ್ಚುಕಡಿಮೆ ಲಂಬವಾಗಿದೆಯೊ ಅಂಥವರನ್ನು ಮಾತ್ರ ಉಳಿಸಿಕೊಂಡು, ಅವರಲ್ಲಿ ಒಳ್ಳೆಯವನನ್ನು ಆರಿಸಬೇಕು, ಹೀಗೆಯೇ ಮುಂದುವರಿಯಬೇಕು. ಇಲ್ಲಿ ಲಂಬವೆಂದರೆ ನೆಲದ ಮೇಲಿನ ದಿಕ್ಕುಗಳ ಮಾತಲ್ಲ. ಗೋಪುರದ ಆಂಟೆನಾಪಂಕ್ತಿಯಲ್ಲಿ ಒಬ್ಬನ ಅಲೆಯು ಮೂಡಿಸುವ ಗುರುತು ಇನ್ನೊಬ್ಬನ ಗುರುತಿನೊಡನೆ ಬೆರೆಯದಿರುವುದು. ಒಂದೇ ಜಗಲಿಯ ಮೇಲೆ ಕುಳಿತ ಇಬ್ಬರ ಗುರುತುಗಳು ಬಹುಮಟ್ಟಿಗೆ ಒಂದೇ ಆಗಿದ್ದರೆ ಅವರನ್ನು ಒಂದೇ ಪಂಕ್ತಿಗೆ ಕರೆಯಬಾರದು. ಒಬ್ಬನು ಮುಂದಿನ ಪಂಕ್ತಿಗೆ ಕಾಯಬೇಕು. ಜನರು ಬಹಳವಾದಾಗ ಈ ಸರಳ ಕ್ರಮದ ಫಲವು ಕೋಸ್ಟಾ ಅವರ ಸಿದ್ಧಾಂತದ ಗಡಿಯಂತೆಯೇ ಬೆಳೆಯುವುದೆಂದು ಅವರು ತೋರಿಸಿದರು.

ಇಲ್ಲಿ ಗಣಿತವು ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಆಂಟೆನಾಗಳು ಹೆಚ್ಚಿದಂತೆ ಫಲವು ಅದೇ ಪ್ರಮಾಣದಲ್ಲಿ ಹೆಚ್ಚುವುದು. ಆದರೆ ಆರಿಸಿಕೊಳ್ಳಲು ಜನರು ಹೆಚ್ಚಿದುದರಿಂದ ಬರುವ ಲಾಭವು ಲಘುಗಣಕದ ಲಘುಗಣಕದಂತೆ, ಎಂದರೆ ಬಸವನಹುಳುವಿನ ನಡೆಯಲ್ಲಿ, ಹೆಚ್ಚುವುದು. ನೂರು ಮಂದಿ ಹತ್ತು ಸಾವಿರವಾದರೆ ಈ ಸಂಖ್ಯೆಯು ೧.೫೩ರಿಂದ ೨.೨೨ಕ್ಕೆ ಏರುವುದು, ಅಷ್ಟೆ. ಪಂಕ್ತಿಯು ನೂರ್ಮಡಿಯಾಯಿತು, ಅಡಿಗೆಯು ಒಂದೂವರೆ ಪಟ್ಟೂ ಆಗಲಿಲ್ಲ. ಒಬ್ಬೊಬ್ಬನ ಎಲೆಗೆ ಬೀಳುವುದು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಜಾತ್ರೆಯ ದಿನ ಫೋನುಗಳು ಸೊರಗುವುದರ ಗುಟ್ಟು ಇದರಲ್ಲಿಯೇ ಇದೆ.

ಆದುದರಿಂದ ಇಂಜಿನಿಯರುಗಳು ಆಂಟೆನಾಗಳ ಕಡೆಗೆ ತಿರುಗಿದರು. ೨೦೧೦ರಲ್ಲಿ ಥಾಮಸ್ ಮಾರ್ಜೆಟ್ಟಾ ಅವರು, ಗೋಪುರದ ಆಂಟೆನಾಗಳನ್ನು ಗ್ರಾಹಕರ ಸಂಖ್ಯೆಗಿಂತ ಬಹು ಹೆಚ್ಚು ಮಾಡಿದರೆ ಒಬ್ಬೊಬ್ಬನ ಗುರುತೂ ತಾನಾಗಿಯೇ ಇತರರಿಂದ ಬೇರೆಯಾಗುವುದೆಂದೂ, ಕ್ಷಣಕ್ಷಣದ ಏರಿಳಿತವು ಅಡಗುವುದೆಂದೂ ತೋರಿಸಿದರು. ಗಾಳಿಯನ್ನು ಕಾಯಬೇಕಾದ ಕಷ್ಟವೇ ಬಹಳಮಟ್ಟಿಗೆ ತಪ್ಪಿತು; ಆದರೆ ಹತ್ತಿರ ದೂರಗಳ ಭೇದವು ತಪ್ಪಲಿಲ್ಲ. ೨೦೧೮ರಲ್ಲಿ ಗೊತ್ತಾದ ಐದನೆಯ ತಲೆಮಾರಿನ ಕ್ರಮದಲ್ಲಿ ಇದೆಲ್ಲವೂ ಸೇರಿಕೊಂಡಿತು. ಬೋಸರು ಕಲ್ಕತ್ತೆಯಲ್ಲಿ ಆಡಿಸಿದ ಮಿಲಿಮೀಟರ್ ಅಲೆಗಳು ನೂರಿಪ್ಪತ್ತು ವರ್ಷಗಳ ಮೇಲೆ ಜನರ ಬಳಕೆಗೆ ಬಂದುದೂ ಈ ಕ್ರಮದಲ್ಲಿಯೇ. ಅವು ಬಲು ಬೇಗ ಕ್ಷೀಣಿಸುವ ಅಲೆಗಳಾದುದರಿಂದ ಗೋಪುರವು ಅವುಗಳನ್ನು ಸಣ್ಣ ಸಣ್ಣ ಕಿರಣಗಳಾಗಿ ಮಾಡಿ, ಹೆಚ್ಚೆಂದರೆ ೬೪ ಕಿರಣಗಳನ್ನು ಸೆಕೆಂಡಿನ ಇನ್ನೂರರಲ್ಲೊಂದು ಪಾಲಿನೊಳಗಾಗಿ ಒಂದಾದಮೇಲೊಂದರಂತೆ ಸುತ್ತಲೂ ಬೀಸುವುದು. ಫೋನು ತನಗೆ ಚೆನ್ನಾಗಿ ಕಂಡ ಕಿರಣವು ಯಾವುದೆಂಬುದನ್ನು ತಿಳಿಸುವುದು. ಭಾರತದಲ್ಲಿ ಈ ತಲೆಮಾರಿನ ಸೇವೆಯು ೨೦೨೨ರ ಅಕ್ಟೋಬರ್ ೧ರಂದು ಆರಂಭವಾಯಿತು.

೬

ಇಷ್ಟೆಲ್ಲವನ್ನು ಹೇಳಿದ ಮೇಲೆ ಮೊದಲಿನ ಎರಡನೆಯ ಪ್ರಶ್ನೆಗೆ ಹಿಂತಿರುಗಬೇಕು: ಈ ಕ್ಷಣದ ಸರದಿಯು ಯಾರದು? ಪ್ರಮಾಣನ್ಯಾಯವು ಮಾತ್ಸ್ಯನ್ಯಾಯವನ್ನು ತಡೆಯಿತೆಂಬುದು ನಿಜ. ಆದರೆ ಅದು ಕೊಡುವುದು ಕಾಲದಲ್ಲಿ ಸಮಪಾಲನ್ನೇ ಹೊರತು ಊಟದಲ್ಲಿ ಸಮಪಾಲನ್ನಲ್ಲ. ಸಮನಾದ ಕಾಲದಲ್ಲಿ ಹತ್ತಿರದವನ ಎಲೆಗೆ ೯೦೦ ಬಿದ್ದರೆ ದೂರದವನ ಎಲೆಗೆ ೧೨೦ ಬೀಳುವುದು. ೨೦೦೦ದಲ್ಲಿ ಮೋ ಮತ್ತು ವಾಲ್ರಾಂಡ್ ಎಂಬ ಪಂಡಿತರು ಈ ಎಲ್ಲ ನ್ಯಾಯಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದರು. ಆ ಸೂತ್ರದಲ್ಲಿ ಒಂದು ಸಂಖ್ಯೆಯುಂಟು. ಅದನ್ನು ಸೊನ್ನೆ ಮಾಡಿದರೆ ಮಾತ್ಸ್ಯನ್ಯಾಯ. ಒಂದು ಮಾಡಿದರೆ ಪ್ರಮಾಣನ್ಯಾಯ. ಮೇಲೆಮೇಲಕ್ಕೆ ಏರಿಸಿದಂತೆ ಎಲ್ಲರಿಗಿಂತ ಹಿಂದೆ ಬಿದ್ದವನ ಹಿತವೇ ಮುಂದಾಗುವುದು, ಒಟ್ಟು ಅಡಿಗೆಯು ಕಡಿಮೆಯಾಗುವುದು. ಆ ಸಂಖ್ಯೆ ಎಷ್ಟಿರಬೇಕೆಂದು ಗಣಿತವು ಹೇಳದು. ಅದನ್ನು ಮನುಷ್ಯರು ಇಡಬೇಕು.

ಯಾರು ಇಡುವರು? ಐದನೆಯ ತಲೆಮಾರಿನ ಕ್ರಮವನ್ನು ವಿಧಿಸುವ ಗ್ರಂಥಗಳಲ್ಲಿ ಗೋಪುರವೂ ಫೋನೂ ಒಂದಕ್ಕೊಂದು ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದೆಲ್ಲ ಸವಿಸ್ತಾರವಾಗಿ ಬರೆದಿದೆ. ಸರದಿಯನ್ನು ಗೊತ್ತುಮಾಡುವ ನಿಯಮವನ್ನು ಮಾತ್ರ ಅವು ವಿಧಿಸಿಲ್ಲ. ಅದನ್ನು ಯಂತ್ರವನ್ನು ಮಾಡುವವರಿಗೂ ನಡೆಯಿಸುವವರಿಗೂ ಬಿಟ್ಟಿದೆ. ಬೇರೆ ಬೇರೆ ಯಂತ್ರಗಾರರ ಜಾಣತನಕ್ಕೆ ಅವಕಾಶವಿರಲೆಂಬುದು ಇದಕ್ಕೆ ಕಾರಣ, ಕಾರಣವು ತಕ್ಕದೇ. ಆದರೂ ಬಡಿಸುವ ಕ್ರಮವು ಉಣ್ಣುವವರಿಗೆ ಕಾಣದಂತಾಯಿತೆಂಬುದೂ ಅಷ್ಟೇ ನಿಜ.

ಲೋಕದ ರಾಷ್ಟ್ರಗಳು ಕೂಡಿದ ದೂರವಾರ್ತಾ ಸಂಘವು ೨೦೧೭ರಲ್ಲಿ ಐದನೆಯ ತಲೆಮಾರಿಗೆ ಅಳತೆಗಳನ್ನು ಗೊತ್ತುಮಾಡಿದಾಗ, ಒಟ್ಟು ಫಲದ ಅಳತೆಯೊಡನೆ ಇನ್ನೊಂದು ಅಳತೆಯನ್ನೂ ಇಟ್ಟಿತು. ಗ್ರಾಹಕರನ್ನು ಅವರಿಗೆ ಸಿಕ್ಕ ಪಾಲಿನ ಕ್ರಮದಲ್ಲಿ ನಿಲ್ಲಿಸಿ, ನೂರಕ್ಕೆ ಕೆಳಗಿನಿಂದ ಐದನೆಯವನಿಗೆ ಎಷ್ಟು ಸಿಕ್ಕಿತೆಂದು ನೋಡಬೇಕೆಂಬುದೇ ಅದು. ಇದು ಒಳ್ಳೆಯ ಅಳತೆ. ಯಂತ್ರಗಾರರ ಕಣ್ಣನ್ನು ಪಂಕ್ತಿಯ ಕೊನೆಯ ಕಡೆಗೆ ತಿರುಗಿಸುವ ಅಳತೆ. ಅವನಿಗಿಂತಲೂ ಕೆಳಗಿನ ನಾಲ್ವರನ್ನು ಕುರಿತು ಅದು ಮೌನವಾಗಿದೆ. ಗೋಪುರದಿಂದ ದೂರದ ಹಳ್ಳಿಯಲ್ಲಿ, ಗುಡ್ಡದ ಮರೆಯ ಮನೆಯಲ್ಲಿ, ಪಾಠಕ್ಕಾಗಿಯೊ ವೈದ್ಯರಿಗಾಗಿಯೊ ಫೋನನ್ನು ಹಿಡಿದು ಅಂಗಳದ ತುದಿಗೆ ಬಂದು ನಿಲ್ಲುವವರು ಆ ನಾಲ್ವರಲ್ಲಿ ಇರುವರು.

ಹರ್ಟ್ಸ್ ಅವರ ತಗಡಿನ ಕನ್ನಡಿಯಿಂದ ಅರುವತ್ತನಾಲ್ಕು ಕಿರಣಗಳವರೆಗೆ ಬಂದ ಈ ಚರಿತ್ರೆಯಲ್ಲಿ ದಿಕ್ಕಿನ ಪ್ರಶ್ನೆಯು ಬಹುಮಟ್ಟಿಗೆ ಬಿಡಿಸಲ್ಪಟ್ಟಿದೆ. ಅಂಗಳದ ತುದಿಯಲ್ಲಿ ನಿಂತವನ ಮೇಲೆಯೂ ಕಿರಣವನ್ನು ಬೀಳಿಸಲು ಬರುವುದು. ಅವನು ಯಾವ ಕಿರಣವನ್ನು ಕಂಡನೆಂಬುದೂ ಗೋಪುರಕ್ಕೆ ತಿಳಿಯುವುದು. ಅವನಿಗೆ ಎಷ್ಟು ಹೊತ್ತು, ಎಷ್ಟು ಸಲ ಎಂಬುದು ಮಾತ್ರ ಆ ಒಂದು ಸಂಖ್ಯೆಯಲ್ಲಿ ಅಡಗಿದೆ. ಹಿರಿಯರು ಪಂಕ್ತಿಯಲ್ಲಿ ಬಡಿಸುವವನ ಯೋಗ್ಯತೆಯನ್ನು ಮೊದಲ ಎಲೆಯಲ್ಲಿ ನೋಡುತ್ತಿರಲಿಲ್ಲ; ಕೊನೆಯ ಎಲೆಯ ಬಳಿಗೆ ಹೋಗಿ ನೋಡುತ್ತಿದ್ದರು. ಗೋಪುರಗಳ ಯೋಗ್ಯತೆಯನ್ನು ಅಳೆಯುವವರೂ ಅಲ್ಲಿಗೇ ಹೋಗಿ ನೋಡತಕ್ಕುದು.